ಚೀಲದ ಬಾಯಿ, ಚೀಲದ ಹೊಟ್ಟೆ

"ಗುರುಗಳೇ, ಮಕ್ಕಳಿಗೆ ನೀತಿ ಕಲಿಸಬೇಕಾದದ್ದು ಶಾಲೆಯೋ, ಮನೆಯೋ?" ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಗೆ ಹೊಸದಾಗಿ ಮೇಷ್ಟರಾಗಿದ್ದ. ಹಿಂದಿನ ದಿನ ಮಕ್ಕಳ ತಂದೆತಾಯಿಗಳು ಸಭೆ ಸೇರಿ ಎರಡು ಪಂಗಡವಾಗಿದ್ದರು. ನೀತಿಪಾಠ ಬೇಕೇ ಬೇಕು, ಇಲ್ಲದಿದ್ದರೆ ಶಾಲೆ ಯಾಕೆ ಎಂದವರು ಅರ್ಧ. ಅದನ್ನೆಲ್ಲ ಮನೆಯಲ್ಲಿ ನಾವು ನೋಡಿಕೊಳ್ಳುತ್ತೇವೆ, ನೀವು ಮಗ್ಗಿ ಕಲಿಸಿ ಎಂದವರು ಇನ್ನರ್ಧ. ಶಿಷ್ಯ ಎರಡೂ ಕಡೆಗೆ ತಲೆಯಾಡಿಸಿ, ನಾಡಿದ್ದು ಉತ್ತರ ಹೇಳುತ್ತೇನೆ ಎಂದು ಬಂದಿದ್ದ.

ಗುರುಗಳು ಕತೆ ಹೇಳಿದರು.

ಒಂದು ಪೇಟೆ. ಆ ಪೇಟೆಯಲ್ಲಿ ಒಂದು ಇಡೀ ಬೀದಿ ಒಣಮೆಣಸಿನಕಾಯಿ ವ್ಯಾಪಾರಿಗಳದು. ಅಲ್ಲಿಗೆ ಕಾಲಿಟ್ಟವರು ಮೊದಲು ಸೀನಬೇಕು, ಆಮೇಲೆ ನಮಸ್ಕಾರ ಹೇಳಬೇಕು. ಬೀದಿಗೆ ಒಂದು ಕಟ್ಟಳೆಯಿತ್ತು. ಕೊಳ್ಳುವವರು ಚೀಲದ ಬಾಯಿ ನೋಡಿ ಕೊಳ್ಳಬೇಕು. ವ್ಯಾಪಾರಿ ತಾನೇ ಮೇಲಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ತೋರಿಸುತ್ತಾನೆ. ಮನಸ್ಸಿಗೆ ಬಂದರೆ ಹೂಂ ಅನ್ನಬೇಕು, ಬರದಿದ್ದರೆ ಮುಂದಿನ ಅಂಗಡಿಗೆ ಹೋಗಬೇಕು. ಚೀಲದ ಹೊಟ್ಟೆಗೆ ಕೈ ಹಾಕುವಂತಿಲ್ಲ. ಹಾಕಿದರೆ ವ್ಯಾಪಾರಿಯ ಮನೆತನವನ್ನೇ ಆಡಿಕೊಂಡಂತೆ. ಅಂಥವರಿಗೆ ಆ ಬೀದಿಯಲ್ಲಿ ಒಗ್ಗರಣೆಗೆ ಒಂದು ಕಾಯಿಯೂ ಹುಟ್ಟುತ್ತಿರಲಿಲ್ಲ.

ಬಾಯಿಯಲ್ಲಿ ಕೆಂಪಗೆ ಗರಿಗರಿಯಾದ ಕಾಯಿ. ಹೊಟ್ಟೆಯಲ್ಲಿ ನೀರು ಚಿಮುಕಿಸಿದ ಕಾಯಿ. ನೀರಿಗೆ ಖರ್ಚಿಲ್ಲ, ತೂಕವಿದೆ. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಕಾರಣ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಆ ಬೀದಿಯ ದೊಡ್ಡ ವ್ಯಾಪಾರಿಯೊಬ್ಬನಿಗೆ ಎಂಟು ವರ್ಷದ ಮಗಳಿದ್ದಳು. ಅಪ್ಪನ ಅಂಗಡಿಯ ಕಾಯಿಯಂಥ ಕಾಯಿ ಲೋಕದಲ್ಲೇ ಇಲ್ಲ ಎಂದು ಅವಳ ನಂಬಿಕೆ. ಶಾಲೆಯಲ್ಲಿ ಅದನ್ನೇ ಸಾರಿಕೊಂಡು ತಿರುಗುತ್ತಿದ್ದಳು. ವ್ಯಾಪಾರಿ ಪೇಟೆಯಲ್ಲಿ ಯಾರ ಮಾತಿಗೂ ಸೊಪ್ಪು ಹಾಕುವವನಲ್ಲ. ಮಗಳ ಕಣ್ಣಲ್ಲಿ ಮಾತ್ರ ಗುಲಗಂಜಿಯಷ್ಟೂ ಇಳಿಯಲು ಅವನಿಗೆ ಮನಸ್ಸಿರಲಿಲ್ಲ.

ಒಂದು ದಿನ ಆ ಮಗಳು ಬೆಲ್ಲ ತಿಂದು, ತಿಂದಿಲ್ಲ ಎಂದಳು. ತುಟಿಯ ಮೇಲೆ ಬೆಲ್ಲ ಇನ್ನೂ ಇತ್ತು. ವ್ಯಾಪಾರಿ ನೇರ ಅಡುಗೆಮನೆಗೆ ನಡೆದ.

"ಇದನ್ನೆಲ್ಲ ಎಲ್ಲಿ ಕಲಿತಳು?" ಎಂದು ಹೆಂಡತಿಯನ್ನು ಕೇಳಿದ.

"ನೀವು ಅಂಗಡಿ ತೆಗೆದ ಮೇಲೆ ಬೇರೆಲ್ಲೂ ಹೋಗಬೇಕಿಲ್ಲವಲ್ಲ" ಎಂದು ಅವಳು ಮಜ್ಜಿಗೆ ಕಡೆಯುತ್ತಲೇ ಅಂದಳು.

ವ್ಯಾಪಾರಿಗೆ ಆ ಮಾತು ಕೇಳಿಸಲಿಲ್ಲ. ಅವನು ಬೀದಿಯ ಐದಾರು ಜನರನ್ನು ಸೇರಿಸಿಕೊಂಡು ಶಾಲೆಗೆ ಹೋದ. ಶಾಲೆಯ ಮೇಷ್ಟರು ವಯಸ್ಸಾದವರು. ಮಾತು ಕಡಿಮೆ, ಕಿವಿ ಚುರುಕು.

"ಮೇಷ್ಟ್ರೇ, ಮಕ್ಕಳಿಗೆ ನೀವು ಸತ್ಯ ಕಲಿಸುತ್ತಿಲ್ಲ" ಎಂದ ವ್ಯಾಪಾರಿ. "ಲೆಕ್ಕ ಯಾರು ಬೇಕಾದರೂ ಕಲಿಸ್ತಾರೆ. ಶಾಲೆ ಅಂದ ಮೇಲೆ ನಡತೆ ಬೇಡವೇ? ಮನೆಯಲ್ಲಿ ನಮಗೆಲ್ಲಿ ಪುರುಸೊತ್ತು?"

"ಕಲಿಸಬಹುದು" ಎಂದರು ಮೇಷ್ಟರು. "ಆದರೆ ಎರಡೆರಡಲಿ ನಾಲ್ಕು ಅನ್ನುವುದರ ಆಚೆಗಿನ ಸತ್ಯಕ್ಕೆ ನಾನು ಅಷ್ಟು ಪಳಗಿದವನಲ್ಲ. ನಾಲ್ಕು ಜನರ ನಡುವೆ ವ್ಯವಹಾರ ಮಾಡುವವರು ನೀವು. ಸೋಮವಾರ ನೀವೇ ಬಂದು ಒಂದು ಪಾಠ ಹೇಳಿಬಿಡಿ, ಸಾಹುಕಾರರೇ."

ಜೊತೆಗಿದ್ದವರು ಬಿಡಲಿಲ್ಲ. "ಹೌದಣ್ಣ, ನೀನೇ ಸರಿ. ನಿನ್ನ ಮಾತಿಗೆ ಕಲ್ಲೂ ಮಾರಾಟವಾಗುತ್ತೆ" ಎಂದರು. ಮಗಳು ಕಿಟಕಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ವ್ಯಾಪಾರಿಗೆ ಹಿಂದೆಗೆಯಲು ದಾರಿಯೇ ಇರಲಿಲ್ಲ.

ಸೋಮವಾರ ಬಂತು. ವ್ಯಾಪಾರಿ ಗಂಜಿ ಹಾಕಿದ ಅಂಗಿ ತೊಟ್ಟು, ರುಮಾಲು ಸುತ್ತಿ, ಮಕ್ಕಳ ಮುಂದೆ ನಿಂತ.

"ಸತ್ಯವನ್ನೇ ಹೇಳಬೇಕು" ಎಂದ.

"ಸತ್ಯವನ್ನೇ ಹೇಳಬೇಕು" ಎಂದು ನಲವತ್ತು ಮಕ್ಕಳು ಒಟ್ಟಿಗೆ ಕೂಗಿದರು.

"ಸುಳ್ಳು ಹೇಳಬಾರದು."

"ಸುಳ್ಳು ಹೇಳಬಾರದು."

ಅಲ್ಲಿಗೆ ಸರಕು ಮುಗಿಯಿತು. ಬೆಳಗು ಇನ್ನೂ ಇಡಿಯಾಗಿ ಉಳಿದಿತ್ತು. ವ್ಯಾಪಾರಿ ಮುಖ ಒರೆಸಿಕೊಂಡ. ಒಂದು ಮಗು ಆಕಳಿಸಿತು, ಅದನ್ನು ನೋಡಿ ಇನ್ನೊಂದು ಆಕಳಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಕುಂಬಾರರ ಹುಡುಗಿ ಎದ್ದು ನಿಂತಳು.

"ಮಾವ, ಎದುರಿನವರು ಸುಳ್ಳು ಹೇಳ್ತಾ ಇದ್ದರೆ ನಮಗೆ ಗೊತ್ತಾಗೋದು ಹೇಗೆ?"

ಈಜು ಬಲ್ಲವನಿಗೆ ಕೆರೆ ಕಂಡಂತಾಯಿತು. ಇಂಥ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಅವನು ಅಂಗಡಿಯಿಂದ ಎರಡು ಚೀಲ ತರಿಸಿದ. ಒಂದು ಒಣಗಿದ್ದು, ಇನ್ನೊಂದು ಒದ್ದೆ. ಒದ್ದೆಯದು ಹೊರಗಿನ ಊರಿನಿಂದ ಬಂದದ್ದು ಎಂದು ಹೇಳಿದ. ಆಮೇಲೆ ತೋಳು ಮಡಿಸಿದ.

"ನೋಡಿ ಮಕ್ಕಳೇ, ಚೀಲದ ಬಾಯಿ ಯಾವತ್ತೂ ಚೆನ್ನಾಗಿಯೇ ಮಾತಾಡುತ್ತೆ. ಅದನ್ನು ನಂಬಬೇಡಿ. ನೀರು ಚಿಮುಕಿಸುವವನು ಬುಡಕ್ಕೆ ಚಿಮುಕಿಸಲ್ಲ, ಗೋಣಿ ಒದ್ದೆಯಾಗಿ ಸಿಕ್ಕಿಬೀಳ್ತಾನೆ. ನಡುವಿಗೆ ಚಿಮುಕಿಸ್ತಾನೆ. ಮುಂದಿಟ್ಟ ಚೀಲ ಬಿಡಿ, ಗೋಡೆಗೆ ಒರಗಿಸಿದ್ದನ್ನು ಹಿಡಿಯಿರಿ. ಮೊಣಕೈ ತನಕ ಕೈ ಇಳಿಸಿ ಒಂದು ಕಾಯಿ ತೆಗೆಯಿರಿ. ಕಿವಿಯ ಹತ್ತಿರ ಅಲ್ಲಾಡಿಸಿ. ಬೀಜ ಗಲಗಲ ಅಂದರೆ ಒಣಗಿದ್ದು. ಸದ್ದಿಲ್ಲ ಅಂದರೆ ನೀರು ಕುಡಿದದ್ದು. ಮುರಿದು ನೋಡಿ. ಲಟಕ್ಕೆಂದರೆ ಸರಿ, ಬಾಗಿದರೆ ಮೋಸ."

ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈ ಹಾಕಿದರು. ಅಲ್ಲಾಡಿಸಿದರು, ಮುರಿದರು, ಸೀನಿದರು, ಮತ್ತೆ ಸಾಲಿನಲ್ಲಿ ನಿಂತರು. ಇಂಥ ಪಾಠವನ್ನು ಆ ಶಾಲೆ ಕಂಡಿರಲಿಲ್ಲ. ಮೇಷ್ಟರು ಮೂಲೆಯಲ್ಲಿ ಪುಸ್ತಕ ಮುಚ್ಚಿಟ್ಟು ಕೂತಿದ್ದರು. "ಇದೆಲ್ಲ ನಮ್ಮ ಬೀದಿಯಲ್ಲಿ ಇಲ್ಲ, ತಿಳಿಯಿತೇ?" ಎಂದು ಹೊರಡುವಾಗ ಹೇಳಲು ವ್ಯಾಪಾರಿ ಮರೆಯಲಿಲ್ಲ. ಪಟ್ಟ ಕಟ್ಟಿಸಿಕೊಂಡವನ ಹಾಗೆ ಮನೆಗೆ ನಡೆದ.

ಊಟಕ್ಕೆ ಕೂತಾಗ ಮಗಳು ಅಂದಳು: "ಅಪ್ಪ, ನಾಡಿದ್ದು ಸಂತೆ. ನಾವೆಲ್ಲ ಅಮ್ಮಂದಿರ ಜೊತೆ ಬೀದಿಗೆ ಬರ್ತೀವಿ. ಮೊದಲು ನಮ್ಮ ಅಂಗಡಿ. ನಮ್ಮ ಚೀಲಕ್ಕೆ ನಾನೇ ಕೈ ಹಾಕಿ ಎಲ್ಲರಿಗೂ ತೋರಿಸ್ತೀನಿ. ಆಮೇಲೆ ಉಳಿದವರದು."

ವ್ಯಾಪಾರಿಯ ತುತ್ತು ಗಂಟಲಲ್ಲಿ ನಿಂತಿತು.

ಹೆಂಡತಿ ಚೊಂಬು ಮುಂದಕ್ಕೆ ತಳ್ಳಿದಳು. "ಕುಡಿಯಿರಿ. ನಮ್ಮ ಮನೆಯಲ್ಲಿ ನೀರಿಗೇನು ಬರವಿಲ್ಲವಲ್ಲ" ಎಂದಳು.

ಶಾಲೆಗೆ ತರಿಸಿದ ಒಣ ಚೀಲ ಬಿಟ್ಟರೆ ಅಂಗಡಿಯಲ್ಲಿ ಇನ್ನೂ ಮೂವತ್ತು ಚೀಲಗಳಿದ್ದವು. ಮೂವತ್ತರ ಹೊಟ್ಟೆಯೂ ತಣ್ಣಗಿತ್ತು. ಕೈ ಹಾಕಬೇಡ ಎಂದು ಮಗಳಿಗೆ ಹೇಳಬಹುದಿತ್ತು. ಅವಳು ಯಾಕೆ ಎಂದು ಕೇಳುತ್ತಾಳೆ. ಅದಕ್ಕೊಂದು ಸುಳ್ಳು ಬೇಕು. ಸುಳ್ಳನ್ನು ಕಂಡುಹಿಡಿಯುವುದು ಹೇಗೆಂದು ಅದೇ ಬೆಳಗ್ಗೆ ತಾನೇ ಹೇಳಿಕೊಟ್ಟು ಬಂದಿದ್ದ. ಸಂತೆಯ ದಿನ ಅಂಗಡಿ ಮುಚ್ಚಬಹುದಿತ್ತು. ಹಾಗೆ ಮುಚ್ಚಿದವನ ಮನೆಯಲ್ಲಿ ಹೆಣ ಬಿದ್ದಿದೆ ಎಂದುಕೊಂಡು ಊರು ನೋಡಲು ಬರುತ್ತದೆ. ಕಾಯಿ ಒಣಗಿಸಿದರೆ ತೂಕ ಹೋಗುತ್ತದೆ. ಮಗಳು ಒದ್ದೆ ಕಾಯಿ ತೆಗೆದರೆ ಹೋಗುವುದೇನು ಎಂದು ತೂಗಲು ಅವನ ತಕ್ಕಡಿಗೆ ಸರಿಯಾದ ತೂಕದ ಬಟ್ಟು ಇರಲಿಲ್ಲ.

ಅವನು ಊಟದ ಎಲೆಯಿಂದ ಎದ್ದವನೇ ಚೀಲಗಳನ್ನು ಬಿಚ್ಚಿಸಿದ. ಮಾಳಿಗೆಯ ಮೇಲೆ, ಅಂಗಳದಲ್ಲಿ, ಕಡೆಗೆ ದನದ ಕೊಟ್ಟಿಗೆಯ ಸೂರಿನ ಮೇಲೂ ಕಾಯಿ ಹರಡಿದ. ಎರಡು ದಿನ ಬಿಸಿಲು ಚೆನ್ನಾಗಿ ಕಾಯಿತು.

ಪಕ್ಕದ ಅಂಗಡಿಯವನು ಗೋಡೆಯಾಚೆಯಿಂದ ಇಣುಕಿದ. "ಏನಣ್ಣ, ಒಣಮೆಣಸಿನಕಾಯಿನ ಮತ್ತೆ ಒಣಗಿಸ್ತಿದ್ದೀಯ?"

"ಹುಳ ಬೀಳಬಾರದಲ್ಲಪ್ಪ."

"ಇಪ್ಪತ್ತು ವರ್ಷ ಬೀಳದ ಹುಳ ಈಗ ಬೀಳುತ್ತಾ?"

"ಈಗಿನ ಹುಳ ಶಾಲೆಗೆ ಹೋಗ್ತವೆ ಕಣೋ" ಎಂದ ವ್ಯಾಪಾರಿ.

ನೆರೆಯವನು ನಕ್ಕು ಒಳಗೆ ಹೋದ. ಅವನಿಗೊಂದು ಎಚ್ಚರದ ಮಾತು ಹೇಳಬಹುದಿತ್ತು. ವ್ಯಾಪಾರಿ ಹೇಳಲಿಲ್ಲ. ಅದೂ ವ್ಯಾಪಾರವೇ.

ಸಂತೆಯ ದಿನ ಬಿಸಿಲೇರುವ ಹೊತ್ತಿಗೆ ಮಕ್ಕಳ ದಂಡು ಬಂತು, ಹಿಂದೆ ತಾಯಂದಿರು. ಮಗಳು ಎಲ್ಲರಿಗಿಂತ ಮುಂದೆ. ಅವಳು ಮುಂದಿಟ್ಟ ಚೀಲಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಒಳಗೆ ಹೋಗಿ, ಗೋಡೆಗೆ ಒರಗಿದ್ದ ಕಡೆಯ ಚೀಲದ ಬಾಯಿ ಬಿಚ್ಚಿದಳು.

ವ್ಯಾಪಾರಿಯ ಕೈ ತಕ್ಕಡಿಯ ಮೇಲೆ ಹಾಗೇ ನಿಂತಿತು. ಆ ಚೀಲವನ್ನು ಒಣಗಿಸಿದ್ದೆನೋ ಇಲ್ಲವೋ ಎಂಬುದು ಅವನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮಗಳ ತೋಳು ಮೊಣಕೈ ದಾಟಿ ಒಳಗಿಳಿಯಿತು. ಒಂದು ಕಾಯಿ ಹೊರಗೆ ಬಂತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಲಗಲ ಅಂದಿತು. ಮುರಿದಳು. ಲಟಕ್ಕೆಂದಿತು. ಮೂರು ಸಲ ಸೀನಿ, ಕಣ್ಣಲ್ಲಿ ನೀರು ತುಂಬಿಕೊಂಡು, "ನಾನು ಹೇಳಲಿಲ್ಲವಾ?" ಎಂದು ಎಲ್ಲರತ್ತ ನೋಡಿದಳು.

ವ್ಯಾಪಾರಿ ತಕ್ಕಡಿಯನ್ನು ಮತ್ತೆ ಕೈಗೆತ್ತಿಕೊಂಡ. ಮೆಣಸಿನಕಾಯಿಯ ಬೀಜಕ್ಕೆ ಅಷ್ಟು ಇಂಪಾದ ಸದ್ದಿದೆ ಎಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮಕ್ಕಳು ಮುಂದಿನ ಅಂಗಡಿಗಳಿಗೆ ನುಗ್ಗಿದರು. ದೊಡ್ಡವರು ಕೈ ಹಾಕಿದರೆ ಅವಮಾನ, ಮಗು ಕೈ ಹಾಕಿದರೆ ಆಟ. ಆಟಕ್ಕೆ ಸಿಟ್ಟು ಮಾಡಿದವನು ತಾನೇ ಕಳ್ಳನೆಂದು ಒಪ್ಪಿಕೊಂಡಂತೆ. ಹೀಗಾಗಿ ವ್ಯಾಪಾರಿಗಳು ಹಲ್ಲು ಕಚ್ಚಿಕೊಂಡು ನಕ್ಕರು. ಪಕ್ಕದ ಅಂಗಡಿಯಲ್ಲಿ ಕೈ ಹಾಕಿದವನು ಆ ನೆರೆಯವನ ಸ್ವಂತ ಮಗನೇ. ಅವನು ತೆಗೆದ ಕಾಯಿ ಸದ್ದು ಮಾಡಲಿಲ್ಲ, ಮುರಿಯಲೂ ಇಲ್ಲ, ಎರೆಹುಳುವಿನಂತೆ ಬಾಗಿತು. ಹುಡುಗ ಅದನ್ನು ಅಪ್ಪನ ಮುಂದೆ ಹಿಡಿದ.

"ಅಪ್ಪ, ಇದು ಹೊರಗಿನ ಊರಿಂದ ಬಂದದ್ದಾ?" ಎಂದು ಕೇಳಿದ.

ತಾಯಂದಿರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆ ದಿನ ಬೀದಿಯಲ್ಲಿ ಒಂದೇ ಅಂಗಡಿಯ ಚೀಲಗಳು ಖಾಲಿಯಾದವು.

ಸಂಜೆಯೊಳಗೆ ವ್ಯಾಪಾರಿಗಳೆಲ್ಲ ಶಾಲೆಗೆ ಬಂದರು. ನಮ್ಮ ವ್ಯಾಪಾರಿಯನ್ನೂ ರಟ್ಟೆ ಹಿಡಿದು ಎಳೆದು ತಂದಿದ್ದರು.

"ಮೇಷ್ಟ್ರೇ, ಈ ನೀತಿ ಗೀತಿ ಎಲ್ಲ ಸಾಕು" ಎಂದ ನೆರೆಯವನು. "ಅದು ಮನೆಯ ವಿಚಾರ. ಮನೆಯಲ್ಲಿ ನಾವು ಕಲಿಸ್ಕೋತೀವಿ. ನೀವು ಮಗ್ಗಿ ಹೇಳಿಕೊಡಿ."

"ಹೋದ ವಾರ ಶಾಲೆಯೇ ಕಲಿಸಬೇಕು ಎಂದು ಬಂದವರು ನೀವೇ ಅಲ್ಲವೇ?"

"ಬಂದಿದ್ವಿ. ಅದು ಹೀಗೆ ತಿರುಗಿ ಮನೆಗೇ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಆಗಲಿ, ನಿಲ್ಲಿಸೋಣ" ಎಂದರು ಮೇಷ್ಟರು. "ಆದರೆ ಕಲಿತದ್ದನ್ನು ಮರೆಸುವ ವಿದ್ಯೆ ನನಗೆ ಬರುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಂದರೆ ಸೋಮವಾರ ಬಂದು ಒಂದು ಪಾಠ ಹೇಳಿಬಿಡಿ."

ಎಲ್ಲರೂ ನಮ್ಮ ವ್ಯಾಪಾರಿಯ ಮುಖ ನೋಡಿದರು.

"ನನ್ನನ್ನು ಯಾಕೆ ನೋಡ್ತೀರಿ?" ಎಂದ ಅವನು. "ಸತ್ಯ ಹೇಳು ಅಂತ ಕಳಿಸಿದ್ರಿ. ನನಗೆ ಗೊತ್ತಿದ್ದ ಸತ್ಯ ಅದೊಂದೇ."

ಬೈಯಬೇಕೆಂದು ಬಂದವರಿಗೆ ನಗು ತಡೆಯಲಾಗಲಿಲ್ಲ. ಒಬ್ಬೊಬ್ಬರಾಗಿ ಹೊರಟರು. ನೆರೆಯವನು ಮಾತ್ರ ಬಾಗಿಲ ಹತ್ತಿರ ಚಪ್ಪಲಿ ಹುಡುಕುವವನಂತೆ ನಿಂತಿದ್ದ.

"ಇನ್ನೊಂದು ಮಾತು ಮೇಷ್ಟ್ರೇ. ನಮ್ಮ ಬೀದಿ ಇಕ್ಕಟ್ಟು. ನನ್ನ ಅಂಗಳಕ್ಕೆ ಬಿಸಿಲು ಬೀಳೋದೇ ಒಂದು ಗಳಿಗೆ. ಶಾಲೆಯ ಅಂಗಳ ಒಂದು ವಾರದ ಮಟ್ಟಿಗೆ ಸಿಗುತ್ತಾ?"

ಹೊರಟವರು ತಿರುಗಿ ನಿಂತರು. ಅಂಗಳ ಸಾಲದೆ ಬಂದರೆ ಹಂಚಿಕೊಳ್ಳುವುದು ಹೇಗೆಂದು ಅಲ್ಲೇ ಚರ್ಚೆ ಶುರುವಾಯಿತು.

ಆ ವಾರವೆಲ್ಲ ಶಾಲೆಯ ಅಂಗಳ ಕೆಂಪಗಿತ್ತು. ಮಕ್ಕಳು ಸೀನುತ್ತಲೇ ಹದಿನೈದರ ಮಗ್ಗಿ ಕಲಿತರು. ವ್ಯಾಪಾರಿಗಳಿಗೆ ತೂಕದಲ್ಲಿ ಪೆಟ್ಟು ಬಿತ್ತು, ಅದು ನಿಜ. ಬರುಬರುತ್ತಾ ದರ ಸ್ವಲ್ಪ ಏರಿತು, ಅದೂ ನಿಜ. ಲಾಭವಾಯಿತು ಎಂದು ಯಾವ ವ್ಯಾಪಾರಿಯೂ ಒಪ್ಪಿಕೊಳ್ಳಲಿಲ್ಲ. ಅಂಗಡಿಯನ್ನೂ ಯಾರೂ ಮುಚ್ಚಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ನಗುತ್ತಲೇ ಇದ್ದ. ನಗು ಮುಗಿದ ಮೇಲೆ ಅವನಿಗೆ ತನ್ನ ಶಾಲೆಯ ಮಕ್ಕಳ ತಂದೆತಾಯಿಗಳು ನೆನಪಾದರು.

"ಗುರುಗಳೇ, ಮಕ್ಕಳು ಕೈ ಹಾಕುವುದನ್ನು ಕಲಿತದ್ದು ಶಾಲೆಯಲ್ಲಿ. ವ್ಯಾಪಾರಿ ತಿದ್ದಿಕೊಂಡದ್ದು ಮನೆಯಲ್ಲಿ, ಅದೂ ಮಗಳ ಮುಂದೆ ಮುಖ ಉಳಿಸಿಕೊಳ್ಳಲು. ಹಾಗಾದರೆ ನೀತಿ ಯಾರ ಪಾಲಿನ ಕೆಲಸ? ನಾಳೆ ಸಭೆಯಲ್ಲಿ ನಾನು ಯಾವ ಕಡೆಗೆ ಹೇಳಲಿ?"

ಗುರುಗಳು ಶಲ್ಯ ಕೊಡವಿ ಎದ್ದರು.

"ಮೆಣಸಿನಕಾಯಿ ಒಣಗುವಾಗ ಅಂಗಳ ಯಾರದೆಂದು ಕೇಳುವುದಿಲ್ಲವಪ್ಪ."