ಕೂಗಳತೆಯ ಗೋಡೆ

“ಕೇಳಿರಪ್ಪೋ ಕೇಳಿ! ಗೊಂದಿಪಟ್ಟಣದ ದೊರೆ ಚೆನ್ನರಸರ ಅಪ್ಪಣೆ! ಈ ಸಲದ ನಿಶಾನೆ ಓಟ ಹೂಡೋದಕ್ಕೆ ತಲೆಯಿದ್ದವರು ಬೇಕಾಗಿದ್ದಾರೆ! ರಾಜಕುಮಾರಿ ನೀಲಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವರಿಗೆ ಓಟದ ಯಜಮಾನಿಕೆ, ರಾಜಕುಮಾರಿಯ ಜೊತೆ ಮದುವೆ! ತಪ್ಪಿದವರಿಗೆ ತಲೆದಂಡ!”

ಹೀಗೆ ತಮಟೆ ಬಡಿದು ಸಾರುತ್ತ ಬಂದವನು ದುಗ್ಗ. ಅವನ ಗಂಟಲು ಊರಿಗೆಲ್ಲ ದೊಡ್ಡದು. ಹೊಟ್ಟೆಯಲ್ಲಿ ಮಾತ್ರ ಒಂದು ಗುಟ್ಟೂ ನಿಲ್ಲುತ್ತಿರಲಿಲ್ಲ. ಅವನ ಅವ್ವ ಹೊನ್ನವ್ವ, “ಜರಡೀಲಿ ನೀರಾದ್ರೂ ನಿಂತೀತು, ಇವನ ಹೊಟ್ಟೇಲಿ ಮಾತು ನಿಲ್ಲಲ್ಲ” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ಊರೋ ಬರೀ ಸಂದಿಗೊಂದಿ. ವರ್ಷಕ್ಕೊಮ್ಮೆ ಅಲ್ಲಿ ಮೂಲೆಮೂಲೆಗೆ ಕೆಂಪು ನಿಶಾನೆ ನೆಟ್ಟು ಓಟ ಹೂಡುತ್ತಿದ್ದರು. ಹೊರಡುವ ಗಳಿಗೆಯಲ್ಲಿ ಓಟಗಾರರ ಕೈಗೆ ಊರಿನ ನಕ್ಷೆ ಬರೆದ ಬಟ್ಟೆ ಸಿಗುತ್ತಿತ್ತು. ದಾರಿಯನ್ನು ತಾವೇ ಹುಡುಕಬೇಕು. ಪ್ರತಿ ನಿಶಾನೆಯ ಬುಡದಲ್ಲಿಟ್ಟ ಬಣ್ಣದಲ್ಲಿ ಹೆಬ್ಬೆಟ್ಟು ಅದ್ದಿ ಬಟ್ಟೆಗೆ ಒತ್ತಿ, ಮೊದಲು ಬಂದವರೇ ಗೆದ್ದಂತೆ. ಹೋದ ವರ್ಷ ದೊರೆಯ ಭಾವಮೈದುನ ಓಟ ಹೂಡಿದ್ದ. ಆ ಮಹಾರಾಯ ಬಿಸಿಲಿಗೆ ಬೇಸತ್ತು ನಿಶಾನೆಗಳನ್ನೆಲ್ಲ ರಾಜಬೀದಿಯಲ್ಲೇ ಸಾಲಾಗಿ ನೆಟ್ಟ. ಉದ್ದ ಕಾಲಿನವನೊಬ್ಬ ಗೆದ್ದ. ಓಟವೆಂದರೆ ಪ್ರಾಣ ಬಿಡುವ ರಾಜಕುಮಾರಿ ಕೆಂಡವಾದಳು. “ಅಪ್ಪಾಜಿ, ಇದು ಕಾಲಿನ ಓಟವಲ್ಲ, ತಲೆಯ ಓಟ!”

“ಹಾಗಾದರೆ ಪಣವೂ ತಲೆಯೇ” ಎಂದುಬಿಟ್ಟ ದೊರೆ. ಅವನಿಗೆ ಮಾತಿನ ಚಮತ್ಕಾರವೆಂದರೆ ಹುಚ್ಚು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ.

ಮೊದಲು ಬಂದವನು ಸೇನಾಪತಿಯ ಮಗ. ರಾಜಕುಮಾರಿ ಕೇಳಿದಳು: “ಕೂಗಿದರೆ ಕೇಳುವಷ್ಟು ಹತ್ತಿರ, ಓಡಿದರೆ ಉಸಿರು ಕಟ್ಟುವಷ್ಟು ದೂರ. ನಡುವೆ ಇರುವುದೇನು?”

“ನದಿ!” ಎಂದು ಅವನು ಮೀಸೆ ತಿರುವಿದ.

“ನಮ್ಮೂರಲ್ಲಿ ನದಿಯೇ ಇಲ್ಲವಲ್ಲ” ಎಂದಳು ರಾಜಕುಮಾರಿ. ಅವನು ಸೆರೆಮನೆ ಸೇರಿದ.

ಆಮೇಲೆ ಬಂದ ರತ್ನದ ವ್ಯಾಪಾರಿ ಬಹಳ ಹೊತ್ತು ಯೋಚಿಸಿ, “ಅತ್ತೆ ಸೊಸೆಯರ ಜಗಳ” ಎಂದ. ಸಭೆಯೆಲ್ಲ ಬಿದ್ದುಬಿದ್ದು ನಕ್ಕಿತು. ದೊರೆಯೂ ಕಣ್ಣೊರೆಸಿಕೊಂಡು ನಕ್ಕ, ನಕ್ಕು ಅವನನ್ನೂ ಸೆರೆಗೆ ಕಳಿಸಿದ. ಮತ್ತೆ ಯಾರೂ ಅತ್ತ ತಲೆ ಹಾಕಲಿಲ್ಲ.

“ದುಗ್ಗಾ, ಸಾರಿ ಬಾ. ನಾಳೆ ಇಬ್ಬರಿಗೂ ತಲೆದಂಡ, ಈ ವರ್ಷ ಓಟವಿಲ್ಲ” ಎಂದ ದೊರೆ.

ದುಗ್ಗ ತಮಟೆ ಎತ್ತಿದ, ಇಳಿಸಿದ. ನಗಿಸಿದವನ ಸಾವನ್ನು ಅದೇ ನಕ್ಕ ಜನಕ್ಕೆ ಹೇಗೆ ಹೇಳುವುದು? ಅವನಿಗೆ ಅಳು ಬಂತು.

“ಮಾಸ್ವಾಮಿ, ಇದನ್ನ ನಾ ಸಾರಲಾರೆ. ನನಗೂ ಒಗಟು ಕೇಳಿಬಿಡಿ. ಬಿಡಿಸಿದ್ರೆ ಆ ಇಬ್ಬರನ್ನೂ ಬಿಡ್ಬೇಕು. ಇಲ್ದಿದ್ರೆ ಮೂರು ತಲೆ.”

ದೊರೆ ತಲೆಯಾಡಿಸಿದ. ರಾಜಕುಮಾರಿ ಮೊದಲ ಒಗಟು ಹೇಳಿ ಮುಗಿಸುವ ಮೊದಲೇ ದುಗ್ಗ ಶುರುಮಾಡಿದ. “ಹಿತ್ತಿಲ ಗೋಡೆ, ಅಮ್ಮಣ್ಣಿ! ಬಳೆಗಾರರ ಕೇರೀಲಿ ನಾ ಕೂಗಿದ್ರೆ ಗೋಡೆಯಾಚೆ ಗಾಣಿಗರ ಕೇರಿಗೆ ಕೇಳ್ತದೆ. ನಾ ಊರೆಲ್ಲ ಬಳಸ್ಕೊಂಡು ಅಲ್ಲಿಗೆ ಹೋಗೋ ಹೊತ್ಗೆ ‘ಆಗ್ಲೇ ಕೇಳಿಸ್ಕೊಂಡ್ವಿ ಹೋಗಯ್ಯ’ ಅಂತ ಬಾಗ್ಲು ಹಾಕ್ತಾರೆ. ಕೂಗಳತೆ ನಂಬಿ ಓಡಿದೋನು ಗೋಡೆ ಮುಂದೆ ನಿಲ್ತಾನೆ. ಒಂದು ಗಳಿಗೆ ನಿಂತು ನಕ್ಷೆ ನೋಡಿದೋನು ಗೆಲ್ತಾನೆ.”

ರಾಜಕುಮಾರಿ ನೆಟ್ಟಗೆ ಕುಳಿತಳು. “ಊರಿಗೆ ಊರನ್ನೇ ಕಂಕುಳಲ್ಲಿ ಅದುಮಿಕೊಂಡು ಓಡುತ್ತಾನೆ. ಅವನ ಬೆವರಿಗೆ ಅರಮನೆ ನೆನೆಯುತ್ತದೆ, ಒಳಗಿರುವ ದೊರೆ ಮಾತ್ರ ನೆನೆಯುವುದಿಲ್ಲ. ಅದು ಯಾವ ಊರು?”

ದುಗ್ಗನಿಗೆ ಏನೂ ಹೊಳೆಯಲಿಲ್ಲ. ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳಲು ಹೆಗಲ ಮೇಲಿನ ಬಟ್ಟೆ ಎಳೆದ. ಅದು ಹೋದ ವರ್ಷ ಯಾರೋ ಓಡಿ ಮುಗಿಸಿ ಎಸೆದ ನಕ್ಷೆಯ ಬಟ್ಟೆ. ಅದರಲ್ಲಿ ಬರೆದ ಅರಮನೆ ತೊಯ್ದು ತೊಪ್ಪೆಯಾಗಿತ್ತು. ಎದುರಿಗೆ ದೊರೆ ಬೆಚ್ಚಗೆ ಕೂತಿದ್ದ.

“ಇದೇ ಊರು!” ಎಂದು ದುಗ್ಗ ಬಟ್ಟೆಯನ್ನು ಬಾವುಟದಂತೆ ಬೀಸಿದ. “ನಕ್ಷೆ!”

“ಕೊನೆಯದು. ಎಲ್ಲರಿಗಿಂತ ಮೊದಲು ಹೊರಡುತ್ತಾನೆ, ಗೆಲ್ಲುವುದಿಲ್ಲ. ಎಲ್ಲರಿಗಿಂತ ಕೊನೆಗೆ ಬರುತ್ತಾನೆ, ಸೋಲುವುದಿಲ್ಲ. ಯಾರು?”

ದುಗ್ಗ ನಕ್ಕುಬಿಟ್ಟ. “ಓಟ ಹೂಡೋನು, ಅಮ್ಮಣ್ಣಿ! ಕೋಳಿ ಕೂಗೋ ಮುಂಚೆ ನಿಶಾನೆ ನೆಡ್ಬೇಕು. ಎಲ್ರೂ ಮನೆ ಸೇರಿದ್ಮೇಲೆ ಕಿತ್ಕೊಂಡು ಬರ್ಬೇಕು.”

ಸೆರೆಮನೆಯ ಬಾಗಿಲು ತೆರೆಯಿತು. ರಾಜಕುಮಾರಿಯೂ ನಗುತ್ತಿದ್ದಳು, ಆದರೆ ಬೆರಳು ಎತ್ತಿ ಹೇಳಿದಳು: “ಓಟದಲ್ಲಿ ನಾನೂ ಓಡುತ್ತೇನೆ. ನಿಶಾನೆಯ ಜಾಗ ಮುಂಚೆಯೇ ಒಬ್ಬರ ಕಿವಿಗೆ ಬಿದ್ದರೂ ಓಟವಿಲ್ಲ, ಮದುವೆಯೂ ಇಲ್ಲ.”

ಒಗಟಿಗಿಂತ ದೊಡ್ಡ ಕಷ್ಟ ಈಗ ಬಂತು. ಹೊನ್ನವ್ವ ಮಗನ ಹಿಂದೆಯೇ ಸುತ್ತಿ, ಅವನು ಬಾಯಿ ತೆರೆದಾಗಲೆಲ್ಲ ಒಂದು ರವೆ ಉಂಡೆ ತುರುಕಿದಳು. ದುಗ್ಗ ತುಟಿ ಬಿಚ್ಚದೆ ಊರೆಲ್ಲ ತಿರುಗಿ ಜಾಗ ಗೊತ್ತುಮಾಡಿದ. ಓಟದ ದಿನ ಓಡುವವರಿಗೆ ದನ ಅಡ್ಡ ಬರಬಾರದೆಂದು ಸೇನಾಪತಿಯ ಮಗನ ಕೈಗೆ ಎಮ್ಮೆಗಳ ಹಗ್ಗ ಕೊಟ್ಟ. ರತ್ನದ ವ್ಯಾಪಾರಿ ಸಂದಿಯ ಬಾಯಲ್ಲಿ ನಿಂತು ಎತ್ತಿನಗಾಡಿ ತಡೆದ. ತಲೆ ಉಳಿದದ್ದನ್ನು ನೆನೆದು ಇಬ್ಬರೂ ಖುಷಿಯಾಗಿ ದುಡಿದರು.

ತಮಟೆ ಮೊಳಗಿತು. ಓಟಗಾರರು ದಿಕ್ಕಿಗೊಬ್ಬರಂತೆ ಚೆದುರಿದರು. ಒಬ್ಬರು ಹೋದ ಸಂದಿಯಿಂದಲೇ ಇನ್ನೊಬ್ಬರು ವಾಪಸ್ಸು ಬರುತ್ತಿದ್ದರು, ಜನ ಮಾಳಿಗೆಗಳ ಮೇಲೆ ನಿಂತು ಕೇಕೆ ಹಾಕುತ್ತಿದ್ದರು. ಕೊನೆಗೆ ಗಾಣಿಗರ ಮನೆಯ ಸೊಸೆಯೊಬ್ಬಳು ಗೆದ್ದಳು. ರಾಜಕುಮಾರಿ ಮಾತ್ರ ಬರಲೇ ಇಲ್ಲ.

ದುಗ್ಗ ನಿಶಾನೆ ಕೀಳುತ್ತ ಹೊರಟ. ಬಳೆಗಾರರ ಕೇರಿಯ ಕೊನೆಯಲ್ಲಿ, ಹಿತ್ತಿಲ ಗೋಡೆಗೆ ಒರಗಿ ರಾಜಕುಮಾರಿ ಕೂತಿದ್ದಳು. ಕೊನೆಯ ನಿಶಾನೆ ಗೋಡೆಯ ಆಚೆಗಿತ್ತು.

“ಗೆದ್ದವಳಿಗೆ ಜೈಕಾರ ಹಾಕಿದ್ದೂ ಇಲ್ಲಿಗೆ ಕೇಳಿಸಿತು! ನನ್ನ ಒಗಟಲ್ಲೇ ನನ್ನನ್ನು ಕೆಡವಿದೆಯಲ್ಲೋ!”

“ಹೇಳ್ಬಿಡೋಣ ಅಂತ ಹೊಟ್ಟೆ ಕಿತ್ಕೊಂಡು ಬಂತು, ಅಮ್ಮಣ್ಣಿ. ಹೇಳ್ಲಿಲ್ಲ.”

ಅವಳು ಜೋರಾಗಿ ನಕ್ಕು ಎದ್ದಳು, ಅವನ ತೋಳಿನಲ್ಲಿದ್ದ ನಿಶಾನೆಗಳಲ್ಲಿ ಅರ್ಧ ತಾನು ಹೊತ್ತಳು. “ಸದ್ಯ, ಕೊನೆಗೆ ಬಂದರೂ ಸೋಲದವನ ಜೊತೆಗೇ ಬರುತ್ತೇನೆ. ಈಗ ಬಾಯಿ ಬಿಡು. ನಮ್ಮ ಮದುವೆ ಸಾರು.”

ದುಗ್ಗ ಅಷ್ಟು ದಿನ ತಡೆದಿಟ್ಟ ಗಂಟಲನ್ನೆಲ್ಲ ಬಿಟ್ಟು ಸಾರಿದ. ಆಮೇಲೆ ಇಬ್ಬರೂ ಊರೆಲ್ಲ ಬಳಸಿ, ಕಾಲು ಸೋತು ಗಾಣಿಗರ ಕೇರಿ ಮುಟ್ಟಿದರು. ಬಾಗಿಲುಗಳಿಗೆ ಆಗಲೇ ತೋರಣ ಕಟ್ಟಿತ್ತು. ದುಗ್ಗ ತಮಟೆ ಎತ್ತಿದ್ದೇ ತಡ, ಕೇರಿಗೆ ಕೇರಿಯೇ ಕೂಗಿತು:

“ಆಗ್ಲೇ ಕೇಳಿಸ್ಕೊಂಡ್ವಿ, ಒಳಗೆ ಬಾರಯ್ಯ!”