ಎಂಟಕ್ಕೆ ಸಿಕ್ಕ ಮೊದಲ ಎಲೆ

1,42,857 ಎಂಬ ಸಂಖ್ಯೆಯ ಅಂಕಿಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತವು. ಮೊದಲ ಎಲೆ ಒಂದಕ್ಕೆ ದೊರೆಯಿತು. ಎಲ್ಲಕ್ಕಿಂತ ದೊಡ್ಡದಾದ ಎಂಟಕ್ಕೆ ನಾಲ್ಕನೆಯದು.

“ಜಾಗ ಬಿಡು, ಪುಟಾಣಿ! ಇಲ್ಲವಾದರೆ ಉಣ್ಣದೆ ಹೊರಡುತ್ತೇನೆ,” ಎಂದಿತು ಎಂಟು.

“ನೀವು ಹೊರಟರೆ ಈ ಸಂಖ್ಯೆಯೇ ಉಳಿಯದು, ಎಂಟಣ್ಣ. ಗುಣಾಕಾರ ಆರನ್ನು ಮುಟ್ಟುವವರೆಗೆ ತಾಳಿ,” ಎಂದಿತು ಒಂದು.

ಸಂಖ್ಯೆಯನ್ನು ಎರಡರಿಂದ ಗುಣಿಸಿದಾಗ 2,85,714 ಆಯಿತು; ಎರಡು ಮೊದಲ ಎಲೆಗೆ ಬಂದಿತು. ಮೂರರಿಂದ ಗುಣಿಸಿದಾಗ ನಾಲ್ಕು, ನಾಲ್ಕರಿಂದ ಐದು, ಐದರಿಂದ ಏಳು ಬಂದವು. ಸಾಲು ಸರಿಯಿತೇ ಹೊರತು ಕ್ರಮ ಕೆಡಲಿಲ್ಲ. ಆರರಿಂದ ಗುಣಿಸಿದಾಗ 8,57,142 ಆಯಿತು.

ಮೊದಲ ಎಲೆಗೆ ಕುಳಿತ ಎಂಟು ತಿರುಗಿ ನೋಡಿತು. ತಾನು ಬಿಟ್ಟುಬಂದ ನಾಲ್ಕನೆಯ ಎಲೆಯಲ್ಲಿ ಒಂದು ನೆಮ್ಮದಿಯಿಂದ ಉಣ್ಣುತ್ತಿತ್ತು.

“ನಿನಗೆ ಅವಮಾನವಾಗಲಿಲ್ಲವೇ?”

“ಇಲ್ಲಿಗೂ ಅದೇ ಸಾರು ಬಂದಿದೆ, ಅಣ್ಣ.”

ಎಂಟು ಆಗ ಮೊದಲ ತುತ್ತು ಎತ್ತಿತು.