ಸೀಟಿನ ಬೆನ್ನು

ಪ್ರಾಣಿಗಳು ತುಂಬಿದ್ದ ವಿಮಾನದಲ್ಲಿ ಒಂಟೆಯೊಂದು ಕೂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋತಿ ತನ್ನ ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡಿತ್ತು. ವಿಮಾನ ಮೇಲೇರಿದ್ದೇ ತಡ, ಒಂಟೆ ಗುಂಡಿ ಒತ್ತಿ ಸೀಟನ್ನು ಒಮ್ಮೆಲೇ ಹಿಂದಕ್ಕೆ ಒರಗಿಸಿತು. ತಲೆಗೆ ಪೆಟ್ಟು ಬಿದ್ದು ಮರಿ ಅಳತೊಡಗಿತು.

“ಸೀಟನ್ನು ಮುಂದೆ ತೆಗೆದುಕೊಳ್ಳಿ,” ಎಂದಿತು ಕೋತಿ.

“ಗುಂಡಿ ಇರುವುದು ನನ್ನ ಸೀಟಿಗೆ,” ಎಂದಿತು ಒಂಟೆ, ಹಿಂದೆ ತಿರುಗದೆಯೇ.

“ಗುಂಡಿ ನಿಮ್ಮದೇ ಅಣ್ಣ. ಸೀಟು ಬಂದು ಬಿದ್ದದ್ದು ನನ್ನ ಮಗುವಿನ ಮೇಲೆ.”

ಒಂಟೆ ಕತ್ತು ತಿರುಗಿಸಿ ನೋಡಿತು. ಮರಿಯ ಹಣೆ ಊದಿತ್ತು. ಒಂಟೆ ಕೂಡಲೇ ಸೀಟನ್ನು ನೆಟ್ಟಗೆ ಮಾಡಿ, “ತಪ್ಪಾಯಿತು ತಾಯಿ. ಬೆನ್ನ ಮೇಲೆ ಡುಬ್ಬ ಇದೆ, ನೆಟ್ಟಗೆ ಕೂತರೆ ನೋಯುತ್ತದೆ. ಹಿಂದೆ ಯಾರಿದ್ದಾರೆಂದು ನೋಡಲೇ ಇಲ್ಲ,” ಎಂದಿತು.

ಕೋತಿಯ ಸಿಟ್ಟು ಇಳಿಯಿತು. “ನನಗೂ ಕಂಡದ್ದು ಸೀಟಿನ ಬೆನ್ನು, ನಿಮ್ಮ ಬೆನ್ನಲ್ಲ,” ಎನ್ನುತ್ತ ಮರಿಯನ್ನು ಹೆಗಲಿಗೆ ಹಾಕಿಕೊಂಡಿತು. “ಈಗ ಮೆಲ್ಲಗೆ ಒರಗಿ.”

ಒಂಟೆ ಅರ್ಧದಷ್ಟು ಒರಗಿ ನಿಲ್ಲಿಸಿತು.

ಈಗ ಕೋತಿಗೆ ಜಾಗ ಇಕ್ಕಟ್ಟಾಯಿತು. ತಾನೂ ಒರಗೋಣವೆಂದು ಗುಂಡಿಗೆ ಕೈ ಹಾಕಿ, ಮೊದಲು ಹಿಂದಕ್ಕೆ ತಿರುಗಿ ನೋಡಿತು. ಅಲ್ಲಿ ಮುದಿ ಆಮೆಯೊಂದು ಕತ್ತು ಚಾಚಿ ಊಟ ಮಾಡುತ್ತಿತ್ತು.

“ಒರಗಬೇಕಿತ್ತೇನಮ್ಮ?” ಎಂದು ಆಮೆ ಕೇಳಿತು.

“ನಿಮ್ಮ ಊಟ ಮುಗಿಯಲಿ ಅಜ್ಜ,” ಎಂದು ಕೋತಿ ಕೈ ಹಿಂದೆಗೆಯಿತು.

ಆಮೆ ಊಟ ಮುಗಿಸಿ ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ವಿಮಾನ ನೆಲಕ್ಕಿಳಿದಿತ್ತು.